ನೀರು ತರುವವ

ಬಾಪದೇವ ಘಾಟಿನ ಮೂರನೇ ತಿರುವಿನಲ್ಲಿ
ತನ್ನ ಹಿಂದಿನ ಗಾಲಿ ಬಿಚ್ಚಿ ಕೊಟ್ಟೇಬಿಟ್ಟ,
ಪಂಕ್ಚರಾಗಿ ನಿಂತ ನಾಯಕನಿಗೆ, ಇಪ್ಪತ್ತೆರಡರ ಹುಡುಗನಿಗೆ.
ಹುಡುಗ ಹೋದ, ತಿರುಗಿ ನೋಡದೆ. ನೋಡಲೂಬಾರದು.
ಅರ್ಧ ಸೈಕಲ್ಲು ಹಿಡಿದು ಕಲ್ಲುಗೋಡೆಗೆ ಒರಗಿದವನು
ಒಕ್ಬಾಯ್. ವಯಸ್ಸು ಮೂವತ್ತೇಳು. ಊರು ಕೆರೆನ್, ಎರಿಟ್ರಿಯಾ.

ನಾನು ಭೋಗಣ್ಣ ತಡವಲಗಾ, ಭವಾನಿ ಪೇಠ,
ಓಟದ ನಾಲ್ಕು ದಿನಕ್ಕೆ ಬಾಡಿಗೆಯ ಮೆಕ್ಯಾನಿಕ್ಕು.
ಹೆಗಲ ಮೇಲಿನ ಎರಡೂ ಗಾಲಿ ಕೊಂಢವಾದಲ್ಲೇ ಖರ್ಚು,
ಹನ್ನೊಂದು ಜನ ಒಬ್ಬರ ಮೇಲೊಬ್ಬರು ಬಿದ್ದಾಗ.
ತಂಡದ ಕಾರು ಹಿಂದೆಲ್ಲೋ ಸಿಕ್ಕಿಬಿದ್ದಿದೆ.
ಆರು ನಿಮಿಷ, ಅಂದಿತು ವಾಕಿಟಾಕಿ.

ಸೈಕಲ್ ನೋಡಿ ಸವಾರನ ಬಾಳು ಹೇಳುತ್ತಿದ್ದ ನಮ್ಮಪ್ಪ,
ಇಂಡಿಯಿಂದ ಬಂದು, ತಾಸಿಗೆ ನಾಲ್ಕಾಣೆಯಂತೆ
ಇಡೀ ಪುಣೆಯನ್ನು ಬಾಡಿಗೆಗೆ ಓಡಿಸಿದವ.
ಇವನ ಸೀಟು ಎಡಕ್ಕೆ ಹೆಚ್ಚು ಸವೆದಿದೆ:
ಎಂದೋ ಸೊಂಟ ಮುರಿದಿದೆ.
ಬಾಟಲಿ ಕೂರುವ ಗೂಡು ಸಡಿಲ:
ಕುಡಿದದ್ದಕ್ಕಿಂತ ತೆಗೆದುಕೊಟ್ಟದ್ದು ಜಾಸ್ತಿ.
ಅಂಗಿಯ ಬೆನ್ನು ಜೋತುಬಿದ್ದಿದೆ,
ಹದಿನಾಲ್ಕು ವರ್ಷ ಬೇರೆಯವರ ನೀರು ಹೊತ್ತು.

ಉಳಿದದ್ದು ನಿನ್ನೆ ರಾತ್ರಿ ಅವನೇ ಹೇಳಿದ್ದ,
ಹೋಟೆಲಿನ ಹಿತ್ತಲಲ್ಲಿ ನಾನು ಚೈನು ತೊಳೆಯುವಾಗ.
ಅವನ ಹಿಂದಿಯೆಲ್ಲ ಸಿನಿಮಾದ್ದು, ಬರೀ ಹೀರೋನ ಮಾತು.
ಮೊಣಕಾಲು ತೋರಿಸಿ 'ಬೇವಫಾ' ಅಂದ.
ವೀಸಾ ಕಚೇರಿಗೆ 'ಜಾಲಿಮ್'.
ಒಂಬತ್ತು ತಂಡ. ಮೂರು, ಸಂಬಳ ಕೊಡದೆ ಮುಳುಗಿದವು.
ಎರಡು ಸಲ ವೀಸಾ ಬಂತು, ಓಟ ಮುಗಿದ ಮೇಲೆ.
ಗೆದ್ದದ್ದು ಒಂದೇ ದಿನ, ಗಬಾನಿನ ಕೆಂಪು ಕೆಸರಲ್ಲಿ;
ಆವತ್ತು ಮಳೆಗೆ ಹೆಲಿಕಾಪ್ಟರ್ ಏಳಲಿಲ್ಲ,
ಟಿವಿಯಲ್ಲಿ ಏನೂ ಬರಲಿಲ್ಲ.
ಅವ್ವ ಇನ್ನೂ ಕೇಳುತ್ತಾಳಂತೆ, ನಿಜವಾಗಿ ಗೆದ್ದೆಯಾ?

ಈಗ ನಾಲ್ಕು ನಿಮಿಷ. ಅವನು ಗೋಡೆ ಹಾರಿದ.
ಮೂತ್ರಕ್ಕೆ ಅಂದುಕೊಂಡೆ. 'ಬೆಲೆಸ್!' ಅಂತ ಕೂಗಿದ.
ಡಬ್ಬಗಳ್ಳಿಯ ಮೆಳೆ, ತುಂಬ ಕೆಂಪು ಹಣ್ಣು.
ಅವನೂರಿನ ದಾರಿಯಲ್ಲಿ ಬುಟ್ಟಿಗಟ್ಟಲೆ ಮಾರಿ
ಮೊದಲ ಟೈರು ಕೊಂಡದ್ದಂತೆ, ಹದಿಮೂರನೇ ವಯಸ್ಸಿಗೆ.
ನಾನೂ ತಿಂದವನೇ, ತಡವಲಗಾದ ಹೊಲದ ಬದುವಿನಲ್ಲಿ.
ಅವ್ವ ನಾಲಿಗೆ ತೆಗೆಸಿ ನೋಡಿ, ಕಿವಿ ಹಿಂಡುತ್ತಿದ್ದಳು.
ಪುಣೆಯಲ್ಲಿ ಮೂವತ್ತು ವರ್ಷದಲ್ಲಿ ಇದನ್ನು ಯಾರೂ ನನಗೆ
ಹಣ್ಣು ಅಂತ ತೋರಿಸಿರಲಿಲ್ಲ.

ಮಣ್ಣಲ್ಲಿ ಉರುಳಿಸಿ, ಹಲ್ಲಿನಿಂದ ಸಿಪ್ಪೆ ಕಿತ್ತು
ತಿಂದೆವು, ಬೀಜದ ಸಮೇತ.
ಕೆಳಗೆ ಕಾತ್ರಜದ ಕಡೆ ಸಿಮೆಂಟಿನ ಗೋಪುರಗಳು.
ಮೇಲೆ ಓಟ, ನಮ್ಮಿಬ್ಬರನ್ನೂ ಮರೆತು
ಸಾಸವಡದ ಕಡೆ ಹೊರಟಿತ್ತು.
ಏನೂ ಮಾತಾಡಲಿಲ್ಲ. ನಾಲಿಗೆ ಚಾಚಿ ತೋರಿಸಿದ.
ನಾನೂ ತೋರಿಸಿದೆ.

ಕಾರು ಬಂತು. ಗಾಲಿ ಕೂರಿಸಿದೆ, ಹನ್ನೆರಡು ಸೆಕೆಂಡು.
ಅವನು ಹತ್ತಲಿಲ್ಲ. ಕಾರಿನ ಕಿಟಕಿಗೆ ಕೈ ಚಾಚಿ
ಒಂದು, ಎರಡು, ಆರು ಬಾಟಲಿ ಬೆನ್ನಿಗೆ ತುಂಬಿಕೊಂಡ.
'ಅರೆ, ಹುಡುಗ ಎಂಟು ನಿಮಿಷ ಮುಂದಿದ್ದಾನೆ,
ಇದನ್ನ ಯಾರಿಗೆ ಒಯ್ಯುತ್ತೀ ಮಾರಾಯ?'
ಕನ್ನಡದಲ್ಲೇ ಕೇಳಿದ್ದೆ.
ಅವನು ಅವನ ಭಾಷೆಯಲ್ಲಿ ಏನೋ ಅಂದ, ನಕ್ಕ.

ತಳ್ಳಬಾರದು, ನಿಯಮವಿದೆ. ತಳ್ಳಿದೆ.
ನಾಲ್ಕನೇ ತಿರುವಿನ ತನಕ, ಏದುಸಿರು ಬಿಡುತ್ತ,
ಬಾಟಲಿಗಳು ನನ್ನ ಅಂಗೈಗೆ ತಣ್ಣಗೆ ತಾಗುತ್ತ.
ದಂಡದ ಚೀಟಿ ಇನ್ನೂ ಅಂಗಡಿಯಲ್ಲಿದೆ,
ಯಾರೂ ವಸೂಲಿಗೆ ಬಂದಿಲ್ಲ.

ಹುಡುಗ ನಾಲ್ಕನೆಯವನಾದ.
ಫಲಿತಾಂಶದ ಹಾಳೆಯ ತಳದಲ್ಲಿ,
ಸಮಯ ಮೀರಿದವರ ಪಟ್ಟಿಯಲ್ಲಿ, ಒಕ್ಬಾಯ್
ಎಂಬುದನ್ನು ಎರಡು ಕಡೆ ತಪ್ಪಾಗಿ ಬರೆದಿದ್ದರು.
ಮರಾಠಿ ಹುಡುಗಿಯೊಬ್ಬಳಿಗೆ ಹೇಳಿ ತಿದ್ದಿಸಿದೆ.

ಆಮೇಲೆ ಓಟ ಬಿಟ್ಟನೆಂದು ಯಾರೋ ಹೇಳಿದರು.
ಬಿಟ್ಟಿಲ್ಲವೆಂದು ಇನ್ನೊಬ್ಬರು.
ನನ್ನ ಹೆಬ್ಬೆರಳಿನಲ್ಲಿ ಆ ಹಣ್ಣಿನ ಕೂದಲುಮುಳ್ಳು,
ಕಣ್ಣಿಗೆ ಕಾಣದ್ದು. ಚಿಮಟಕ್ಕೆ ಸಿಗುವುದಿಲ್ಲ.
ಗಾಲಿಯ ಕಡ್ಡಿ ಬಿಗಿಯುವಾಗ ಮಾತ್ರ, ಒಂದೊಂದು ದಿನ.