ಬೊಡ್ಡಿ ಬಾಜೂಕ

ಮಿರಗ ಕೂಡಿ ಮೂರು ದಿನ. ಕುಂಚಾವರಂ ಗುಡ್ಡದ ಮ್ಯಾಲ
ಕೆಂಪು ಹರಳು ನೆಲ,
ಹಾರಿ ಬಡದರ ಹಾರೀನೇ ಹೊಳ್ಳಿ ಮಾತಾಡ್ತದ.
ತಾಂಡಾದಿಂದ ಹನ್ನೊಂದು ಮನಿ ಬಂದೀವಿ,
ಬುಟ್ಟ್ಯಾಗ ಸಸಿ, ಬಗಲಾಗ ಕೂಸು, ರುಮಾಲಿನಾಗ ರೊಟ್ಟಿ.
ಗಾರ್ಡ್ ತಿಪ್ಪಣ್ಣ ಹಗ್ಗ ಹಿಡದು ನಿಂತಾನ,
ಮೂರು ಮೀಟರಿಗೊಂದು ಗಂಟು, ಗಂಟಿಗೊಂದು ತಗ್ಗು.
"ಸಾಲು ತಪ್ಪಬ್ಯಾಡ್ರಿ" ಅಂತಾನ,
ಮ್ಯಾಲಿನವರು ಬಂದು ಫೋಟೊ ಹೊಡೀತಾರಂತ.

ಮಾವ ಮಾತ್ರ ಹಗ್ಗದ ಕಡಿ ನೋಡವಲ್ಲ.
ಕೋಲು ಊರಕೋತ ಬೊಡ್ಡಿಯಿಂದ ಬೊಡ್ಡಿಗೆ ಹೋಗತಾನ,
ಸಂತ್ಯಾಗ ಗುರುತಿನವರು ಸಿಕ್ಕಂಗ ನಿಂದರತಾನ.
ಹೆಬ್ಬೆರಳಿಲೆ ಒಂದರ ಅಂಚು ಸವರಿ ಅಂದ:
"ಇದು ನಂದ. ಹಲ್ಲು ಮುರದ ಗರಗಸ,
ನೋಡು, ಗೀರು ಹ್ಯಾಂಗ ಸೊಟ್ಟ ಬಿದ್ದದ.
ಅದು ಮೌಲಾಲಿದು. ಅವ ಎಡಗೈಯವ,
ಮರ ಯಾವತ್ತೂ ಬಡಗಣಕ್ಕೇ ಕೆಡವತಿದ್ದ."

ಯಾರಿಗೆ ಕಡದ್ರಿ ಅಂತ ನಾ ಕೇಳಲಿಲ್ಲ.
ಗೊತ್ತದ. ಹಗಲು ಗುತ್ತೇದಾರನ ಚೀಟಿ,
ರಾತ್ರಿ ಚೀಟಿ ಇಲ್ಲದ ಲಾರಿ.
ಮದುವ್ಯಾಗ ನನಗ ಇಟ್ಟ ಬೆಳ್ಳಿ ಘುಗರಿ
ಎಷ್ಟು ಸಾಗವಾನಿ ಅಂತ ಮಾವಗ ಲೆಕ್ಕ ಇರಬೇಕು.
ಅವ ಹೇಳಿಲ್ಲ,
ನಾ ತಗದಿಟ್ಟಿಲ್ಲ.

"ಇಲ್ಲಿ ತೋಡು, ಜಾಮ್ಲಿ" ಅಂದ, ಬೊಡ್ಡಿ ಬಾಜೂಕ,
ಹಗ್ಗದ ಗಂಟಿನಿಂದ ಎರಡು ಮೊಳ ಆಚಿ.
ತಿಪ್ಪಣ್ಣ ಓಡಿ ಬಂದ, "ಅಜ್ಜಾ, ಸಾಲು! ಸಾಲು!"
ಮಾವ ಬೊಡ್ಡಿ ಮ್ಯಾಲೇ ಕುಂತ.
"ಸಾಬ್, ಬೇರು ಎತ್ತಾಗ ಹೋಗ್ಯಾವ ನೋಡೇ ನಾವು ಕಡೀತಿದ್ವಿ.
ಆ ಬೇರು ಕೊಳತು ಒಳಗ ಹಾದಿ ಬಿಟ್ಟಾವ.
ಈ ಕಲ್ಲಿನಾಗ ನೀರಿಗೆ ಅದೊಂದೇ ಹಾದಿ."

ಹಾರಿ ಹಾಕಿದೆ. ಅರ್ಧ ಮೊಳ ಕಲ್ಲು.
ಆಮ್ಯಾಲ ಮೆತ್ತಗ,
ಕರೀ ಮಣ್ಣು, ಅಣಬಿ ವಾಸನಿ, ಒಂದು ಎರಿಹುಳ
ಬೆಳಕಿಗೆ ಬೇಜಾರಾಗಿ ಹೊಳ್ಳಿ ಒಳಗ ಹೋತು.
ತಿಪ್ಪಣ್ಣ ತಗ್ಗು ನೋಡಿದ, ಹಗ್ಗ ಸಡಲ ಬಿಟ್ಟ.
"ರಸ್ತಾದ ಕಡಿ ನಾಕು ಸಾಲರ ಸೀದಾ ಇರಲಿ ಯಪ್ಪಾ,
ಫೋಟೊಕ್ಕ."

ಕೆಲವು ಬೊಡ್ಡಿ ತಾವೇ ಚಿಗತಿದ್ವು,
ಮೊರದಗಲ ಎಲಿ, ಹಿಚಕಿದರ ಕೈಯೆಲ್ಲ ಕೆಂಪು.
"ಇವಕ್ಕ ನಾವು ಏನೂ ಮಾಡೋದು ಬ್ಯಾಡ,
ಆಡು ಕಾಯ್ದರ ಸಾಕು" ಅಂದ ಮಾವ.
ಅಂದವ ಮಾರಿ ಆಚಿ ತಿರುವಿ
ಬಾಳ ಹೊತ್ತು ಸುಮ್ಮನಿದ್ದ.

ಮೌಲಾಲಿ ಈಗ ಇಲ್ಲ. ಅವನ ಮಗಳು ಶಮಶಾದ
ಚಿಂಚೋಳಿ ಬಸ್ಸಿಗೆ ಬಂದು ಇಳದಳು,
ಉಡ್ಯಾಗ ಹಿಪ್ಪಿ ಬೀಜ.
ಅಪ್ಪನ ಬೊಡ್ಡಿ ಯಾವ್ಯಾವ ಅಂತ ಕೇಳಿ
ಅವುಗಳ ಬಾಜೂಕ ಮಾತ್ರ ಊರಿದಳು.
ರೊಟ್ಟಿ ಹೊತ್ತಿಗೆ ನಮ್ಮ ಖಾರ ತಿಂದು
ಕಣ್ಣೀರು ಒರಸಿಕೊಂಡಳು, ಖಾರಕ್ಕೇ ಅಂದಳು.

ಶಿವರಾತ್ರಿ ದಾಟಿದ ಮ್ಯಾಲ ಗುಡ್ಡ ಹಂಚಿನಂಗ ಕಾಯತು.
ನನ್ನ ಮಗಳು ರಸ್ತಾದಾಗ ಬಿದ್ದ ನೀರಿನ ಬಾಟಲಿ ಆರಿಸಿ
ನನ್ನ ಕಸೂತಿ ಸೂಜಿಲೆ ಬೂಚಿಗೆ ತೂತು ಹಾಕಿ
ಸಸಿ ಬುಡಕ್ಕ ತಲಿಕೆಳಗ ನೆಟ್ಟಳು.
ಸೂಜಿ ಮೂರು ಮುರದವು. ಬೈದೆ.
ಮರುದಿನ ನಾನೇ ಕೊಡ ಹೊತ್ತು ಅವಳ ಹಿಂದ ನಡದೆ.

ನಮ್ಮ ಮನಿ ಪಾಲಿನವು ಮೂವತ್ತೊಂದು,
ಉಳದದ್ದು ಹದಿನೇಳು.
ಒಂದನ್ನ ನಮ್ಮ ಆಡೇ ತಿಂತು, ತಾಂಡಾ ಐವತ್ತು ರೂಪಾಯಿ ದಂಡ ಹಾಕಿತು,
ಕೊಟ್ಟೆ. ಆಡಿಗೂ ಒಂದು ಬಿಟ್ಟೆ.

ಮಾವಗ ಈಗ ಗುಡ್ಡ ಹತ್ತಲಿಕ್ಕ ಆಗಂಗಿಲ್ಲ.
ಸಂಜಿಗೆ ನಾ ಕೊಡ ಇಳಸೋ ಮೊದಲೇ ಕೇಳತಾನ:
"ಮೌಲಾಲಿ ಬೊಡ್ಡಿ ಬಾಜೂದು?"
"ಹಿಪ್ಪಿ ಎದ್ದದ, ಗೇಣುದ್ದ."
"ಯಾವ ಕಡಿ ವಾಲ್ಯದ?"
"ಬಡಗಣಕ್ಕ."

ಮಾವ ನಕ್ಕ,
ನಗತಾ ಕೆಮ್ಮು ಹತ್ತಿತು,
ನೀರು ಕೇಳಿದ.