ಪಾಟೀಸವಾಲು

ಕಾಸರಗೋಡಿನ ಸಬ್‌ರಿಜಿಸ್ಟ್ರಾರ್ ಕಚೇರಿಯೆದುರು
ಮೂವತ್ತೊಂದು ವರ್ಷ ಆಧಾರ ಬರೆದವನು ನಾನು.
ಕಳ್ಳ ಕಾಗದ ನನಗೆ ವಾಸನೆಯಲ್ಲೇ ಗೊತ್ತು:
ಅದರಲ್ಲಿ ಚಿತ್ತಿಲ್ಲ, ಕಾಟಿಲ್ಲ,
ನಾಲ್ಕು ಸಾಕ್ಷಿಗಳದೂ ಒಂದೇ ಮಾತು, ಅಲ್ಪವಿರಾಮ ಸಮೇತ.
ಆ ನಾಲ್ವರು ಹಾಗೆ ಬರೆದಿಲ್ಲ. ಸಮಾಧಿಯಲ್ಲಿ
ಒಬ್ಬನಿಗೆ ಒಬ್ಬ ದೂತ, ಇನ್ನೊಬ್ಬನಿಗೆ ಇಬ್ಬರು.
ಅದಕ್ಕೇ ನಂಬುತ್ತೇನೆ.

"ಹೆಣ ಕದ್ದರು, ಅಷ್ಟೆ," ಎನ್ನುತ್ತಾರೆ ಕುಂಞಂಬು ವಕೀಲರು
ಪ್ರತಿ ವರ್ಷ ಶುಭ ಶುಕ್ರವಾರದ ಮರುದಿನ,
ನನ್ನ ಜಗಲಿಯಲ್ಲಿ, ನನ್ನದೇ ಚಹಾ ಕುಡಿಯುತ್ತ.
ಕದ್ದವರು ತಲೆಯ ಬಟ್ಟೆ ಬಿಚ್ಚಿ ಮಡಚಿಡುತ್ತಾರೆಯೆ ವಕೀಲರೆ?
ನಮ್ಮಜ್ಜ ಮಿಶನ್ನಿನ ಮಗ್ಗದಲ್ಲಿ ನೇಯ್ದವರು;
ಮನೆಗೆ ಕಳ್ಳ ನುಗ್ಗಿದ ರಾತ್ರಿ
ಅಂಗಳದ ತುಂಬ ಥಾನು ಬಿಚ್ಚಿ ಬಿದ್ದಿತ್ತು.

"ಸತ್ತಿರಲಿಲ್ಲ, ಬರೀ ಮೂರ್ಛೆ."
ಮೊಳೆ ಹೊಡೆದ ಪಾದದಲ್ಲಿ ಕುಂಟುತ್ತ,
ತಿವಿದ ಪಕ್ಕೆ ಒತ್ತಿಹಿಡಿದು ಬಂದವನನ್ನು ಕಂಡರೆ
ಪಂಡಿತರನ್ನು ಕರೆಯುತ್ತಿದ್ದರು,
ಕಾಲಿಗೆ ಬೀಳುತ್ತಿರಲಿಲ್ಲ.

"ಭ್ರಮೆ." ಇರಬಹುದು. ದುಃಖಕ್ಕೆ ಭ್ರಮೆ ಬರುತ್ತದೆ, ಬಲ್ಲೆ.
ಆದರೆ ಭ್ರಮೆ ಸುಟ್ಟ ಮೀನು ಕೇಳಿ ತಿನ್ನುವುದೆ?
ಮುಳ್ಳು ಬಿಡಿಸಿ?
ಇನ್ನು ಹೆಂಗಸರು. ಆ ಕಾಲದ ಕೋರ್ಟಿಗೆ
ಅವರ ಮಾತು ಮುದ್ರೆಯಿಲ್ಲದ ಛಾಪಾಕಾಗದ.
ಕತೆ ಕಟ್ಟುವವ ಮೊದಲ ಸಾಕ್ಷಿಯಾಗಿ
ಅತ್ತು ಕಣ್ಣು ಊದಿದ ಹೆಣ್ಣನ್ನು ಏಕೆ ನಿಲ್ಲಿಸುತ್ತಾನೆ?
ನಾನಾದರೆ ಒಬ್ಬ ಶಾನುಭೋಗನನ್ನು ಹಾಕುತ್ತಿದ್ದೆ.

ವಕೀಲರು ನಗುತ್ತಾರೆ:
"ಬೆನ್ಯಾಮಿನರೆ, ಕಾಗದ ಗಟ್ಟಿ. ಜಾಗ ಎಲ್ಲಿ? ತೋರಿಸಿ."

ಜಾಗ ಇದೆ. ಆರಡಿ, ಮೂರಡಿ.
ಮೂಡಕ್ಕೆ ಮಿಶನ್ನಿನ ಪಾಗಾರ, ಪಡುವಕ್ಕೆ ಗೇರುಮರ,
ತೆಂಕಕ್ಕೆ ಚಂದ್ರಗಿರಿಗೆ ಇಳಿಯುವ ದಾರಿ,
ಬಡಗಕ್ಕೆ ನನಗೆಂದು ಬಿಟ್ಟ ಖಾಲಿ ನೆಲ.
ಲಿಡಿಯ ಅಲ್ಲಿ ಹನ್ನೊಂದು ವರ್ಷದಿಂದ.
ಈಸ್ಟರಿನ ನಸುಕಿಗೆ ಹೋಗಿ ನೋಡುತ್ತೇನೆ,
ಕಲ್ಲು ಇದ್ದಲ್ಲೇ ಇದೆ.
ಓತಿಯೊಂದು ಅದರ ಮೇಲೆ ಬಿಸಿಲಿಗೆ ಕಾದಿದೆ.

ಇದನ್ನು ಅವರಿಗೆ ಹೇಳುವುದಿಲ್ಲ.
ಇನ್ನೊಂದನ್ನೂ ಹೇಳುವುದಿಲ್ಲ:
ಅವಳನ್ನು ಇಳಿಸುವಾಗ ಹಗ್ಗ ಜಾರಿ
ಪೆಟ್ಟಿಗೆಯ ಒಂದು ಮೂಲೆ ದಡಕ್ಕನೆ ಕುಸಿದಾಗ,
ಆತ್ಮವಿಲ್ಲ, ಸತ್ತರೆ ಮಣ್ಣು ಎನ್ನುವ
ಇದೇ ಕುಂಞಂಬು ವಕೀಲರು
ಬಿಳಿ ಮುಂಡಿನ ಮೊಣಕಾಲು ಕೆಸರಿಗೂರಿ ಕೂಗಿದ್ದರು:
"ಮೆಲ್ಲ, ಮೆಲ್ಲ! ಅವರಿಗೆ ನೋವಾದೀತು."

ಎತ್ತಿದರೆ ಗೆಲ್ಲುತ್ತೇನೆ.
ಎತ್ತುವುದಿಲ್ಲ.
ಸಕ್ಕರೆ ಕಾಯಿಲೆ ಅವರಿಗೆ; ಕೇಳಿದರೆಂದು
ಅರ್ಧ ಚಮಚ ಹಾಕಿ ಕಲಕುತ್ತೇನೆ.