ಸೊನ್ನಿ ನಂಬರಿನ ಸಂಗೀತ

ಶನಿವಾರ ಸಂಜಿಮುಂದ ದೇವಾಲಯದ ಕೀಲಿ ನನ್ನ ಕಡೆ.
ನಂಬರಿನ ಹಲಗಿ ಇಳಿಸಿ, ಸೆರಗಿಲೆ ಧೂಳ ಒರಸಿ,
ಅಯ್ಯನವರು ಬರಕೊಟ್ಟ ಚೀಟಿ ನೋಡಿ
ಕಟಿಗಿ ಅಂಕಿ ಜೋಡಸೂದು ನನ್ನ ಪಾಳಿ.
ನಾಕು, ಒಂದು.
ಒಂದು, ಒಂದು, ಆರು.
ಮೂರನೇ ಸಾಲಿಗೆ ಆರು, ಮತ್ತ ಆರು.
ಡಬ್ಬ್ಯಾಗ ಆರು ಇಲ್ಲ.

ಇಂಗ್ಲಿಷ್ ಅಂಕಿ ಆಗಿದ್ರ
ಒಂಬತ್ತು ತಲಿಕೆಳಗ ಮಾಡಿ ಹಾಕ್ತಿದ್ದೆ.
ನಮ್ಮ ಕನ್ನಡದ ಒಂಬತ್ತು ಹಟಮಾರಿ,
ಹೆಂಗ ತಿರುವಿದ್ರೂ ಆರಾಗಾಕ ಒಪ್ಪೂದಿಲ್ಲ.
ಅಷ್ಟರಾಗ ಶಾಮಿಯಾನದಾಂವನ ಫೋನು:
ಬಾಯಾರ, ಕಂಬ ಎಂಟೋ ಹನ್ನೆರಡೋ?
ಸಾಲು ಬರಿದ ಬಿಡಬಾರ್ದಂತ ಒಂದು ಸೊನ್ನಿ ಸಿಗಸಿದೆ,
ಮುಂಜಾನಿ ಅಯ್ಯನವರಿಗೆ ಹೇಳಿದರಾತು ಅಂತ.

ಮುಂಜಾನೆದ್ದರ ಸುಗ್ಗಿ ಹಬ್ಬ.
ನಲವತ್ತು ಕಿಲೋ ಅಕ್ಕಿ, ಗೋದಿ ಹುಗ್ಗಿಗೆ ಬೆಲ್ಲ,
ಹನ್ನೆರಡು ಸವುಟಿನ್ಯಾಗ ಒಂದು ಯಾರ ಮನಿಗೆ ಹೋಗೇತೋ,
ಹರಾಜಿಗೆ ಬಂದ ಕುಂಬಳಕಾಯಿ, ಕಡಲಿಗಿಡ, ಜವಾರಿ ಹುಂಜ,
ದೊರ್ಕವ್ವನ ಮಗ ಮಗ್ಗದಿಂದ ಇಳಿಸಿದ ಮೊದಲನೇ ಸೀರಿ,
ಎಲ್ಲಾ ಬರಕೊಂಡೆ.
ಸೊನ್ನಿ ಮರತೆ.

ಮಾರ್ಥಳ ಪ್ರಸಂಗ ನನಗ ಹೇಳದವರ ಇಲ್ಲ ಈ ಸಭೆಯೊಳಗ.
ಹೇಳ್ತಾರ,
ಉಂಡು, ಕೈ ತೊಳಕೊಂಡ ಮ್ಯಾಲೆ.

ಮೂರನೇ ಸಂಗೀತದ ಹೊತ್ತು.
ಸಿಲ್ವಾನ ಹಾರ್ಮೋನಿಯಂ ತೆರದು ಹಲಗಿ ನೋಡಿದ.
ಅಯ್ಯನವರು ಚಾಳೀಸಿನ ಮ್ಯಾಲಿಂದ ಹಲಗಿ ನೋಡಿದ್ರು.
ಚೀಟಿ ನನ್ನ ಪರ್ಸಿನ್ಯಾಗ,
ಪರ್ಸು ಅಡಗಿಮನಿ ಮೊಳಿಗೆ.
ಎದ್ದು ಹೇಳಬೇಕಂತ ಬಾಯಿ ತೆರಿಯೂದರಾಗ
"ಕುಂದರ್ರಿ" ಅಂದ್ರು.
ತಾವೂ ಕುಂತ್ರು.

ಹಾರ್ಮೋನಿಯಂ ಹಿಡಕೊಂಡಿದ್ದ ಉಸರು ಬಿಟ್ಟಿತು.
ಹುಂಜ ಕಾಲಿನ ದಾರ ಕುಕ್ಕೂದು ಬಿಟ್ಟು
ಕತ್ತು ಒಂದ್ಕಡೆ ವಾಲಿಸಿ ನಿಂತಿತು, ಕೂಗಲಿಲ್ಲ.
ಹಿಂದಿನ ಓಣಿಯ ಮಗ್ಗ ಮಾತ್ರ
ಖಟ್ ಖಟ್, ಖಟ್ ಖಟ್,
ಬೆಟಗೇರಿಗೆ ಐತವಾರ ಅನ್ನೂದಿಲ್ಲ.

ನನಗ ಮೊದಲ ನೆನಪಾದದ್ದು ದೇವರಲ್ಲ, ಬ್ಯಾಳಿ.
ತಳ ಹತ್ತತೈತೇನೋ.
ಆಮ್ಯಾಲೆ ಶಾಮಿಯಾನದ ಬಾಕಿ.
ಆಮ್ಯಾಲೆ ಮೊಣಕಾಲು.
ಆಮ್ಯಾಲೆ, ಅದೂ ಇಲ್ಲ.
ಮಾರ್ಚಿನ್ಯಾಗ ಅವರನ್ನ ಮಣ್ಣಿಗೆ ಕೊಟ್ಟು ಬಂದಾಗಿಂದ
ನಾ ಕುಂತಿದ್ದಿಲ್ಲ
ಅನ್ನೂದು ಕುಂತಾಗ ಗೊತ್ತಾತು.

ಕಣ್ಣೀರು ಬರಲಿಲ್ಲ. ಪ್ರಾರ್ಥನೆನೂ ಬರಲಿಲ್ಲ.
ಬಾಜೂಕ ದೊರ್ಕವ್ವ ಉಸರಾಡೂದು ಕೇಳಿಸ್ತು,
ಕೊರಳಾಗ ಸಣ್ಣ ಸೀಟಿ ಇಟ್ಟಂಗ.
ಅದರ ಜೋಡಿ ನನ್ನ ಉಸರೂ
ಒಂದು ಹೆಜ್ಜಿ ಹಿಂದ, ಆಮ್ಯಾಲೆ ಕೂಡೇ.
ಕಿಡಕಿಯಿಂದ ಬಿಸಲು
ಕಾಣಿಕಿ ತಾಟಿನ ಅಂಚಿಗೆ ಬಂದು ನಿಂತಿತ್ತು,
ಯಾರೂ ಕರೀಲಾರದ.

ಬೆಂಜಮಿನ್ ಹಾದಿಮನಿ ಆಮ್ಯಾಲೆ ಲೆಕ್ಕದ ಪುಸ್ತಕ ಹಿಡಕೊಂಡು ಬಂದ:
"ಎರಡು ನಿಮಿಷ ದಂಡಾತು, ಹರಾಜು ತಡಾತು."
ದೊರ್ಕವ್ವನ ಕಿವಿ ಮಂದ.
ನನ್ನ ಮುಂಗೈ ಹಿಡಕೊಂಡು ಕೇಳಿದಳು:
"ಆ ಮೂರನೇ ಸಂಗೀತ ಭಾಳ ಚೊಲೊ ಇತ್ತವಾ, ಸಲೋಮಿ.
ಎಷ್ಟನೇ ನಂಬರದು?"
ಬ್ಯಾಳಿ ತಳ ಹತ್ತಿತ್ತು.
ಯಾರೂ ಏನೂ ಅನಲಿಲ್ಲ, ಬಡಿಸಿಕೊಂಡು ಉಂಡ್ರು.

ಗುರುವಾರ ಕಸ ಹೊಡಿಯೂ ಮುಂದ ಆರು ಸಿಕ್ಕಿತು.
ಹಾರ್ಮೋನಿಯಂ ಮೇಜಿನ ಕುಂಟ ಕಾಲಿನ ಕೆಳಗ
ಸಿಲ್ವಾನ ಅಡಕ ಕೊಟ್ಟಾನ.
ಬಗ್ಗಿ ನೋಡಿದೆ.
ಎತ್ತಿದರ ಮೇಜು ಅಲಗಾಡತೈತಿ,
ಅಂತ ನನಗ ನಾನ ಹೇಳಿಕೊಂಡು
ಅಲ್ಲೇ ಬಿಟ್ಟೆ. ಯಾರಿಗೂ ಹೇಳಿಲ್ಲ ಇನ್ನೂ.

ಕ್ರಿಸ್‌ಮಸ್ ಕೆಲಸ ಸುರುವಾಗ್ಯಾವು.
ಸುಣ್ಣದಾಂವ ಬಂದು ಗ್ವಾಡಿ ಅಳದು ಹೋಗ್ಯಾನ,
ಮಕ್ಕಳಿಗೆ ರೆಕ್ಕಿ ಹೊಲೀಬೇಕು, ಒಟ್ಟು ಒಂಬತ್ತು ಜೋಡಿ.
ಡಬ್ಬಿಯೊಳಗ ಸೊನ್ನಿ ಮಾತ್ರ
ಎಲ್ಲಾದರ ಮ್ಯಾಲೆ ಇಟ್ಟೀನಿ,
ಕೈಗೆ ಸಿಗೂಹಂಗ.